ಪಟಾಕಿಯ ಕಾನೂನು ಮತ್ತು ಗಡಿನಾಡಿನ ಗೃಹಸ್ಥ



ನಮ್ಮ ಜಿನಮಂದಿರದ ವಾರ್ಷಿಕ ಮಹೋತ್ಸವದ ಸಂಚಿಕೆಯಲ್ಲಿ ವ್ರತ, ತೀರ್ಥಕ್ಷೇತ್ರ, ಪುರಾಣಪುರುಷರ ಚರಿತ್ರೆ ಮೊದಲಾದ ವಿಷಯಗಳನ್ನು ಕುರಿತು ವಿದ್ವಾಂಸರು ಬರೆಯುವುದು ರೂಢಿ. ಈ ಲೇಖಕನು ವಿದ್ವಾಂಸನಲ್ಲ. ಮೆಟ್ರಿಕ್‌ವರೆಗೆ ಓದಿ ಅಂಗಡಿಯ ಗಲ್ಲಾದ ಮೇಲೆ ಕುಳಿತವನು. ಆದುದರಿಂದ ವ್ಯಾಪಾರಿಗೆ ನಿಲುಕುವ ಒಂದು ವಿಷಯವನ್ನೇ ಸ್ವಾಧ್ಯಾಯಕ್ಕಾಗಿ ಆರಿಸಿಕೊಂಡಿದ್ದೇನೆ. ಅದು ಪಟಾಕಿಯ ಕಾನೂನು. ಕನ್ನಡದಲ್ಲಿ ಪಟಾಕಿ, ತಮಿಳಿನಲ್ಲಿ ಪಟ್ಟಾಸು, ತೆಲುಗಿನಲ್ಲಿ ಟಪಾಸು, ಹಿಂದಿಯಲ್ಲಿ ಪಟಾಖಾ ಎಂದು ನಮ್ಮ ಮನೆಗಳಲ್ಲಿ ಹೆಸರು ಬೇರೆ ಬೇರೆ ಇರಬಹುದು; ಅದನ್ನು ಮಾರುವ, ಕೂಡಿಡುವ, ಹಚ್ಚುವ ನಿಯಮಗಳು ಮಾತ್ರ ಎಲ್ಲರಿಗೂ ಅನ್ವಯಿಸುತ್ತವೆ.

ಹೊಸೂರಿನಲ್ಲಿ ವಾಸಿಸುವ ನಮಗೆ ಈ ವಿಷಯ ದೂರದ್ದಲ್ಲ. ಜೂಜುವಾಡಿಯನ್ನು ದಾಟಿದರೆ ಕರ್ನಾಟಕ, ಈಚೆಗೆ ಬಂದರೆ ತಮಿಳುನಾಡು. ದೀಪಾವಳಿ ಸಮೀಪಿಸಿತೆಂದರೆ ಈ ಹೆದ್ದಾರಿಯ ಎರಡೂ ಬದಿಗಳಲ್ಲಿ ಪಟಾಕಿ ಮಳಿಗೆಗಳು ಸಾಲುಗಟ್ಟುತ್ತವೆ. ಬೆಂಗಳೂರಿನ ಜನರು ಅಗ್ಗದ ದರವನ್ನು ಅರಸಿ ಕಾರುಗಳಲ್ಲಿ ಬರುತ್ತಾರೆ. ಈ ವ್ಯಾಪಾರದಲ್ಲಿ ನಮ್ಮ ಸಮಾಜದವರು ಕೆಲವರು ಕೊಳ್ಳುವವರು, ಕೆಲವರು ಮಳಿಗೆ ಬಾಡಿಗೆಗೆ ಕೊಡುವವರು, ಕೆಲವರು ಸಾಲ ನೀಡುವವರು. ಆದುದರಿಂದ ಕಾನೂನು ಏನು ಹೇಳುತ್ತದೆ, ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

1. ನಮಗೆ ಈ ದಿನ ಏನು?

ಕಾರ್ತಿಕ ಕೃಷ್ಣ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಪಾವಾಪುರಿಯಲ್ಲಿ ಭಗವಾನ್ ಮಹಾವೀರರು ಮೋಕ್ಷ ಪಡೆದರು. ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ನಾವೆಲ್ಲರೂ ಅದನ್ನು ನಿರ್ವಾಣ ಕಲ್ಯಾಣಕವೆಂದು ಆಚರಿಸುತ್ತೇವೆ. ಶಕ 705, ಅಂದರೆ ಕ್ರಿ.ಶ. 783ರಲ್ಲಿ ಆಚಾರ್ಯ ಜಿನಸೇನರು ರಚಿಸಿದ ಹರಿವಂಶ ಪುರಾಣದಲ್ಲಿ ಅಂದು ಪಾವಾಪುರಿಯಲ್ಲಿ ದೀಪಗಳನ್ನು ಬೆಳಗಿದ ವರ್ಣನೆ ಇದೆ. ಅಲ್ಲಿರುವುದು ದೀಪ, ಸಿಡಿಮದ್ದಲ್ಲ. ಸಿಡಿಮದ್ದು ನಮ್ಮ ದೇಶಕ್ಕೆ ಬಂದುದು ಆ ಗ್ರಂಥ ರಚನೆಯಾಗಿ ಎಷ್ಟೋ ಶತಮಾನಗಳಾದ ಮೇಲೆ. ಆದುದರಿಂದ ಪಟಾಕಿಯ ಪ್ರಶ್ನೆ ನಮಗೆ ಧರ್ಮಾಚರಣೆಯ ಪ್ರಶ್ನೆಯಾಗಿಲ್ಲ. ರೂಢಿಯ ಪ್ರಶ್ನೆ, ವ್ಯಾಪಾರದ ಪ್ರಶ್ನೆ, ನೆರೆಹೊರೆಯ ಪ್ರಶ್ನೆ. ಇಷ್ಟನ್ನು ಮನಸ್ಸಿನಲ್ಲಿರಿಸಿಕೊಂಡು ಕಾನೂನಿಗೆ ಬರೋಣ.

2. ಕಾನೂನು ಮಾಡುವ ಅಧಿಕಾರ ಯಾರದು?

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಪಟಾಕಿಯನ್ನು ಒಂದೇ ದಿನದಲ್ಲಿ ನಿಲ್ಲಿಸಬಹುದೆಂದು ಬಹುಜನರು ತಿಳಿದಿದ್ದಾರೆ. ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಶಾಸನಾಧಿಕಾರವನ್ನು ಪಟ್ಟಿಗಳಾಗಿ ಹಂಚಿದ್ದಾರೆ. ಆಯುಧ, ಮದ್ದುಗುಂಡು ಮತ್ತು ಸ್ಫೋಟಕಗಳು ಕೇಂದ್ರ ಪಟ್ಟಿಯ 5ನೆಯ ನಮೂದಿನಲ್ಲಿವೆ. ಹೂಕುಂಡವೂ ಸುರುಸುರು ಬತ್ತಿಯೂ ಕಾನೂನಿನ ಕಣ್ಣಿಗೆ ಸ್ಫೋಟಕಗಳೇ. ಆದುದರಿಂದ ಅವುಗಳ ತಯಾರಿಕೆ, ಸಾಗಣೆ, ದಾಸ್ತಾನು ಮತ್ತು ಮಾರಾಟಗಳಿಗೆ ಮೂಲ ಕಾನೂನು ಬ್ರಿಟಿಷರ ಕಾಲದ 1884ರ ಸ್ಫೋಟಕಗಳ ಅಧಿನಿಯಮ. ಅದರ ಕೆಳಗೆ 2008ರ ಸ್ಫೋಟಕಗಳ ನಿಯಮಾವಳಿ ಇದೆ. ಇದನ್ನು ನೋಡಿಕೊಳ್ಳುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷಾ ಸಂಸ್ಥೆಯ ಪ್ರಧಾನ ಕಚೇರಿ ನಾಗಪುರದಲ್ಲಿದೆ.

ಹಾಗಾದರೆ ರಾಜ್ಯದ ಪಾಲಿಗೆ ಉಳಿದದ್ದೇನು? ಸಾರ್ವಜನಿಕ ಸುವ್ಯವಸ್ಥೆ, ಪೊಲೀಸು ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯ 1, 2 ಮತ್ತು 6ನೆಯ ನಮೂದುಗಳು. ಚಿಲ್ಲರೆ ಅಂಗಡಿಯ ಪರವಾನಗಿ ಕೊಡುವವರು ಜಿಲ್ಲಾಧಿಕಾರಿಗಳು. ಸ್ಥಳ ಪರಿಶೀಲಿಸುವವರು ಪೊಲೀಸರು ಮತ್ತು ಅಗ್ನಿಶಾಮಕ ಇಲಾಖೆಯವರು. ಮಾಲಿನ್ಯ ನಿಯಂತ್ರಣ ಮಂಡಳಿ ರಾಜ್ಯದ್ದು. ಹಬ್ಬದ ದಿನ ಯಾವ ಗಳಿಗೆಯಿಂದ ಯಾವ ಗಳಿಗೆಯವರೆಗೆ ಹಚ್ಚಬಹುದೆಂಬ ಪ್ರಕಟಣೆ ಹೊರಡಿಸುವುದೂ ರಾಜ್ಯವೇ. ಚುಟುಕಾಗಿ ಹೇಳುವುದಾದರೆ ಪುಸ್ತಕ ದೆಹಲಿಯದು, ಅದನ್ನು ಓದಿ ನಡೆಸುವ ಕೈ ರಾಜ್ಯದ್ದು. ಕೈ ಸಡಿಲವಾದರೆ ಪುಸ್ತಕದಿಂದ ಯಾರಿಗೂ ರಕ್ಷಣೆಯಿಲ್ಲ.

ಅಮೆರಿಕ ದೇಶದಲ್ಲಿ ಗೃಹಸ್ಥರು ಹಚ್ಚುವ ಪಟಾಕಿಯ ವಿಷಯವನ್ನು ಹೆಚ್ಚಾಗಿ ಆಯಾ ರಾಜ್ಯಗಳೇ ಶಾಸನ ಮಾಡಿ ನಿರ್ಧರಿಸುತ್ತವೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನಸಾಮಾನ್ಯರಿಗೆ ಪಟಾಕಿ ಪೂರ್ಣವಾಗಿ ನಿಷಿದ್ಧ. ಪಕ್ಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಅದರ ಮಾರಾಟ ಕ್ರಮಬದ್ಧ. ಆದುದರಿಂದ ಗಡಿ ದಾಟಿ ಕೊಂಡು ತರುವವರು ಅಲ್ಲಿಯೂ ಇದ್ದಾರೆ. ಹಾಗೆ ತಂದು ಇಟ್ಟುಕೊಳ್ಳುವುದು ಮ್ಯಾಸಚೂಸೆಟ್ಸ್‌ನಲ್ಲಿ ಅಪರಾಧವೇ. ರಾಜ್ಯರಾಜ್ಯಕ್ಕೆ ನಿಯಮ ಬೇರೆಯಾದಾಗ ಗಡಿಯಲ್ಲಿ ಅಂಗಡಿ ಹುಟ್ಟುವುದು ಮನುಷ್ಯ ಸ್ವಭಾವ. ಅದು ಹೊಸೂರಿನ ವಿಶೇಷವೇನೂ ಅಲ್ಲ.

3. ಅಂಗಡಿಯ ನಿಯಮಗಳು ಮತ್ತು ಅವುಗಳ ಕಾರಣ

2008ರ ನಿಯಮಾವಳಿ ಓದಲು ಒಣಗಿದಂತೆ ಕಂಡರೂ ಅದರ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಅಪಘಾತದ ಅನುಭವವಿದೆ. ಪಟಾಕಿಯ ಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು, ಅಲ್ಯೂಮಿನಿಯಂ ಪುಡಿ ಮೊದಲಾದವು ಇರುತ್ತವೆ. ಕಟ್ಟಿಗೆ ಉರಿಯಲು ಹೊರಗಿನ ಗಾಳಿ ಬೇಕು. ಈ ಮದ್ದಿಗೆ ಬೇಕಾದ ಆಮ್ಲಜನಕ ಅದರೊಳಗಿನ ಪೆಟ್ಲುಪ್ಪಿನಲ್ಲಿಯೇ ಇದೆ. ಆದುದರಿಂದ ಒಮ್ಮೆ ಹತ್ತಿದ ರಾಶಿಯನ್ನು ಗೋಣಿ ಮುಚ್ಚಿ ಆರಿಸಲಾಗದು. ಕಿಡಿ ಬೀಳದಂತೆ ನೋಡಿಕೊಳ್ಳುವುದು, ಬಿದ್ದರೂ ಪಕ್ಕಕ್ಕೆ ಹರಡದಂತೆ ಅಂತರವಿಡುವುದು, ಹರಡಿದರೂ ಜನರು ಹೊರಗೋಡಲು ದಾರಿಯಿಡುವುದು, ಈ ಮೂರೇ ಉಪಾಯಗಳು. ನಿಯಮಗಳೆಲ್ಲ ಈ ಮೂರರ ವಿಸ್ತಾರ.

ಕಾಯಂ ಅಂಗಡಿಯಾದರೆ ಅದು ಇಟ್ಟಿಗೆ, ಕಲ್ಲು ಅಥವಾ ಕಾಂಕ್ರೀಟಿನ ಕಟ್ಟಡದ ನೆಲ ಅಂತಸ್ತಿನಲ್ಲಿಯೇ ಇರಬೇಕು. ನೆಲಮಾಳಿಗೆಯಾಗಲಿ ಅಟ್ಟವಾಗಲಿ ಕೂಡದು. ಮೇಲೆ ಜನವಾಸದ ಮನೆ ಇರಬಾರದು. ಮೆಟ್ಟಿಲು ಅಥವಾ ಲಿಫ್ಟಿನ ಕೆಳಗಾಗಲಿ ಪಕ್ಕದಲ್ಲಾಗಲಿ ಇರಬಾರದು. ವಿಸ್ತೀರ್ಣ 9 ಚದರ ಮೀಟರಿಗೆ ಕಡಿಮೆಯಿಲ್ಲದೆ 25 ಚದರ ಮೀಟರಿಗೆ ಮೀರದೆ ಇರಬೇಕು. ತುರ್ತು ನಿರ್ಗಮನದ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ, ಹೆದರಿ ನುಗ್ಗಿದ ಜನರ ಭಾರಕ್ಕೆ ಅದು ತೆರೆಯುವುದೇ ಇಲ್ಲ.

ಹಬ್ಬಕ್ಕೆಂದು ಮೈದಾನದಲ್ಲಿ ಹಾಕುವ ತಾತ್ಕಾಲಿಕ ಮಳಿಗೆಗಳಿಗೆ ಬೇರೆ ನಿಯಮ. ಅವು ಬೆಂಕಿ ಹಿಡಿಯದ ವಸ್ತುವಿನಿಂದ ಮಾಡಿದವುಗಳಾಗಿರಬೇಕು. ಒಂದರಿಂದ ಒಂದಕ್ಕೆ ಕನಿಷ್ಠ 3 ಮೀಟರ್, ಮನೆ, ಶಾಲೆ, ಮಂದಿರ ಮುಂತಾದ ರಕ್ಷಿತ ಕಟ್ಟಡಗಳಿಂದ ಕನಿಷ್ಠ 50 ಮೀಟರ್ ಅಂತರ ಬೇಕು. ಒಂದಕ್ಕೊಂದು ಎದುರುಬದುರಾಗಿರಕೂಡದು, ಏಕೆಂದರೆ ಒಂದರಿಂದ ಹಾರಿದ ರಾಕೆಟ್ ನೇರವಾಗಿ ಎದುರಿನದಕ್ಕೇ ನುಗ್ಗುತ್ತದೆ. ಎಣ್ಣೆ ದೀಪ, ಗ್ಯಾಸ್ ದೀಪ, ತೆರೆದ ಬೆಂಕಿ ಸಲ್ಲದು. ವಿದ್ಯುದ್ದೀಪ ತಂತಿಗೆ ಜೋತಾಡದೆ ಗೋಡೆಗೋ ಛಾವಣಿಗೋ ಭದ್ರವಾಗಿ ಕೂಡಿರಬೇಕು. ಮಳಿಗೆಗಳ 50 ಮೀಟರಿನೊಳಗೆ ಪಟಾಕಿ ಹಚ್ಚಿ ತೋರಿಸುವಂತಿಲ್ಲ. ಒಂದು ಗುಂಪಿನಲ್ಲಿ ಐವತ್ತಕ್ಕಿಂತ ಹೆಚ್ಚು ಮಳಿಗೆಗಳಿರಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ತೂಕ. ಪರವಾನಗಿಯಲ್ಲಿ ಇಷ್ಟು ಕಿಲೋಗ್ರಾಂ ಎಂದು ಬರೆದಿರುತ್ತದೆ. ಆ ಅಂಕಿಯನ್ನು ಆಧರಿಸಿಯೇ ಅಂತರವನ್ನು ಲೆಕ್ಕ ಹಾಕಿರುತ್ತಾರೆ. ಅಂಕಿಗೆ ಎರಡರಷ್ಟೋ ಹತ್ತರಷ್ಟೋ ಮಾಲು ತುಂಬಿದರೆ ಗೋಡೆ, ಬಾಗಿಲು, ಅಂತರ ಎಲ್ಲವೂ ವ್ಯರ್ಥ. ಹಬ್ಬದ ಮುನ್ನಾ ವಾರದಲ್ಲಿ ಹೆಚ್ಚು ಮಾಲು ತುಂಬುವ ಆಸೆ ವ್ಯಾಪಾರಿಗೆ ಬರುವುದು ಸಹಜ. ಅಕ್ಕಿ, ಬಟ್ಟೆಗಳ ವ್ಯಾಪಾರಿಗೆ ಹೆಚ್ಚು ದಾಸ್ತಾನಿನಿಂದ ಬರುವ ಅಪಾಯ ನಷ್ಟ ಮಾತ್ರ. ಇಲ್ಲಿ ಅದು ಜೀವದ ಅಪಾಯ.

4. ಶಬ್ದ ಮತ್ತು ಸಮಯ

ಪರಿಸರ ಸಂರಕ್ಷಣಾ ನಿಯಮಗಳಿಗೆ 1999ರಲ್ಲಿ ತಂದ ತಿದ್ದುಪಡಿಯಂತೆ, ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್‌ಗಿಂತ ಹೆಚ್ಚು ಶಬ್ದ ಮಾಡುವ ಪಟಾಕಿಯ ತಯಾರಿಕೆಯೂ ಮಾರಾಟವೂ ನಿಷಿದ್ಧ. ಸರಪಟಾಕಿಯಾದರೆ, ಪೋಣಿಸಿದ ಸಂಖ್ಯೆ ಹೆಚ್ಚಿದಂತೆ ಒಂದೊಂದರ ಮಿತಿ ಇಳಿಯುತ್ತದೆ: ನೂರರ ಸರಕ್ಕೆ 10 ಡೆಸಿಬೆಲ್, ಸಾವಿರದ ಸರಕ್ಕೆ 15 ಡೆಸಿಬೆಲ್ ಕಡಿಮೆ. ಡೆಸಿಬೆಲ್ ಎಂಬುದು ಸಾಮಾನ್ಯ ಲೆಕ್ಕದ ಮಾನವಲ್ಲ. ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಜನವಸತಿಯ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಗೊತ್ತುಪಡಿಸಿವೆ. ಇದರ ಮುಂದೆ 125 ಎಂದರೇನೆಂಬುದನ್ನು ಹಾಸಿಗೆ ಹಿಡಿದ ಹಿರಿಯರೂ ತೊಟ್ಟಿಲ ಕೂಸೂ ಇರುವ ಮನೆಯವರು ಬಲ್ಲರು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಪಟಾಕಿ ಹಚ್ಚಬಾರದೆಂದು ಸರ್ವೋಚ್ಚ ನ್ಯಾಯಾಲಯ 2005ರ ಜುಲೈ 18ರ ತೀರ್ಪಿನಲ್ಲಿ ವಿಧಿಸಿತು. 2010ರ ತಿದ್ದುಪಡಿಯಿಂದ ಈ ಮಾತು ಶಬ್ದಮಾಲಿನ್ಯ ನಿಯಮಗಳಲ್ಲಿಯೇ ಸೇರಿತು. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಗಳಲ್ಲಿ ಹಗಲಿನಲ್ಲಿಯೂ ಹಚ್ಚುವಂತಿಲ್ಲ.

ಮುಂದೆ 2015ರಲ್ಲಿ ದೆಹಲಿಯ ಮೂರು ಎಳೆಯ ಕೂಸುಗಳ ಹೆಸರಿನಲ್ಲಿ ಅವರ ಹೆತ್ತವರು ಶುದ್ಧ ಗಾಳಿಗಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಅರ್ಜುನ್ ಗೋಪಾಲ್ ಪ್ರಕರಣವೆಂದು ಪ್ರಸಿದ್ಧವಾದ ಆ ದಾವೆಯಲ್ಲಿ 2018ರ ಅಕ್ಟೋಬರ್ 23ರಂದು ತೀರ್ಪು ಬಂದಿತು. ಪೂರ್ಣ ನಿಷೇಧವನ್ನು ನ್ಯಾಯಾಲಯ ವಿಧಿಸಲಿಲ್ಲ. ಹೊಗೆ ಕಡಿಮೆಯ ಪಟಾಕಿ ಮಾತ್ರ ಇರಲಿ, ಸರಪಟಾಕಿ ಬೇಡ, ಹಸಿರು ಬಣ್ಣಕ್ಕಾಗಿ ಬಳಸುವ ಬೇರಿಯಂ ಲವಣ ಬೇಡ, ಆನ್‌ಲೈನ್ ಮಾರಾಟ ಬೇಡ, ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಎಂದಿತು. ಬೇರಿಯಂ ಮೊದಲಾದವುಗಳ ಆದೇಶ ದೆಹಲಿಗೆ ಮಾತ್ರವಲ್ಲ, ಎಲ್ಲ ರಾಜ್ಯಗಳಿಗೂ ಅನ್ವಯವೆಂದು 2023ರ ನವೆಂಬರ್‌ನಲ್ಲಿ ನ್ಯಾಯಾಲಯ ಮತ್ತೆ ಸ್ಪಷ್ಟಪಡಿಸಿತು. ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಹಸಿರು ಪಟಾಕಿಗಳು 2019ರಲ್ಲಿ ಹೊರಬಂದವು. ಅವುಗಳಿಂದ ಸೂಕ್ಷ್ಮ ಧೂಳು ಕನಿಷ್ಠ ಶೇ. 30ರಷ್ಟು ಕಡಿಮೆಯಾಗಬೇಕು. ಹಸಿರು ಎಂಬ ಹೆಸರು ಕೇಳಿ ಹೊಗೆಯೇ ಇಲ್ಲವೆಂದು ತಿಳಿಯಬಾರದು. ನೂರರಲ್ಲಿ ಮೂವತ್ತು ಕಳೆದರೆ ಎಪ್ಪತ್ತು ಉಳಿಯುತ್ತದೆಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ಲೆಕ್ಕವಲ್ಲ.

ಇಲ್ಲಿಯೇ ಗಡಿಯ ಮೊದಲ ತೊಡಕು ಎದುರಾಗುತ್ತದೆ. ತಮಿಳುನಾಡಿನಲ್ಲಿ ದೀಪಾವಳಿಯ ಸಡಗರ ನರಕ ಚತುರ್ದಶಿಯ ಬೆಳಗಿನ ಎಣ್ಣೆಸ್ನಾನದಿಂದ ಆರಂಭ. ಉತ್ತರದವರಿಗೆ ಅಮಾವಾಸ್ಯೆಯ ರಾತ್ರಿ ಮುಖ್ಯ. ಈ ಭೇದವನ್ನು ತಮಿಳುನಾಡು ಸರ್ಕಾರ ನಿವೇದಿಸಿಕೊಂಡಾಗ, ಎರಡು ಗಂಟೆ ಮೀರದಂತೆ ಸಮಯವನ್ನು ರಾಜ್ಯವೇ ಗೊತ್ತುಪಡಿಸಬಹುದೆಂದು 2018ರ ಅಕ್ಟೋಬರ್ 30ರಂದು ನ್ಯಾಯಾಲಯ ಒಪ್ಪಿತು. ಅದರಂತೆ ತಮಿಳುನಾಡಿನಲ್ಲಿ ಬೆಳಿಗ್ಗೆ 6ರಿಂದ 7, ಸಂಜೆ 7ರಿಂದ 8 ಎಂದು ನಿಗದಿಯಾಯಿತು. ಕರ್ನಾಟಕದ ಸೂಚನೆಗಳಲ್ಲಿ ರಾತ್ರಿ 8ರಿಂದ 10 ಎಂದಿದೆ. ಹೊಸೂರಿನಲ್ಲಿ ಮುಗಿಯುವ ಗಳಿಗೆಗೆ ಅತ್ತಿಬೆಲೆಯಲ್ಲಿ ಪ್ರಾರಂಭ. ಹೀಗಾಗಿ ಗಡಿಯಲ್ಲಿ ನಿಂತವನ ಕಿವಿಗೆ ಎರಡು ರಾಜ್ಯಗಳ ನಿಯಮ ಕೂಡಿ ಎರಡರಷ್ಟು ಹೊತ್ತು ಶಬ್ದ. ಎರಡು ಕಾನೂನುಗಳೂ ಸರಿಯಾಗಿಯೇ ಇವೆ. ನಡುವೆ ಇರುವ ಮನೆಗೆ ಮಾತ್ರ ಯಾವುದರ ರಕ್ಷಣೆಯೂ ಪೂರ್ತಿ ದೊರೆಯುವುದಿಲ್ಲ.

5. ಅತ್ತಿಬೆಲೆಯ ದುರಂತ

2023ರ ಅಕ್ಟೋಬರ್ 7, ಶನಿವಾರ. ಹೊಸೂರಿನಿಂದ ಹತ್ತು ಕಿಲೋಮೀಟರಿನೊಳಗಿರುವ, ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಹೆದ್ದಾರಿಯ ಪಕ್ಕದ ಪಟಾಕಿ ಮಳಿಗೆಯಲ್ಲಿ ವಾಹನದಿಂದ ಮಾಲು ಇಳಿಸುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ಅಂದೇ ಹದಿನಾಲ್ಕು ಮಂದಿ ಸತ್ತರು. ಸುಟ್ಟಗಾಯಗಳಿಂದ ಆಸ್ಪತ್ರೆಯಲ್ಲಿದ್ದವರಲ್ಲಿ ಮತ್ತೆ ಕೆಲವರು ಆಮೇಲೆ ತೀರಿಕೊಂಡರು. ಮೃತರಲ್ಲಿ ಹೆಚ್ಚಿನವರು ಧರ್ಮಪುರಿ, ತಿರುಪತ್ತೂರು, ಕಳ್ಳಕುರಿಚಿ ಜಿಲ್ಲೆಗಳಿಂದ ಹಬ್ಬದ ಸೀಸನ್ನಿನ ಕೂಲಿಗಾಗಿ ಬಂದಿದ್ದ ಯುವಕರು. ಓದಿನ ಖರ್ಚಿಗೆ ನಾಲ್ಕು ಕಾಸು ಸಂಪಾದಿಸಲು ಬಂದ ವಿದ್ಯಾರ್ಥಿಗಳೂ ಅವರಲ್ಲಿದ್ದರು. ತಮಿಳುನಾಡಿನ ಮಕ್ಕಳು ಕರ್ನಾಟಕದ ಮಳಿಗೆಯಲ್ಲಿ, ತಮಿಳುನಾಡಿನಲ್ಲಿ ತಯಾರಾದ ಮಾಲಿನಿಂದ, ಬೆಂಗಳೂರಿನ ಗಿರಾಕಿಗಳಿಗಾಗಿ ದುಡಿಯುತ್ತ ಪ್ರಾಣಬಿಟ್ಟರು. ಗಡಿ ಎಂಬುದು ನಕಾಶೆಯಲ್ಲಿದೆ. ಹೆತ್ತವರ ದುಃಖಕ್ಕೆ ಅದು ಇಲ್ಲ.

ಸ್ಥಳಕ್ಕೆ ಬಂದ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸುರಕ್ಷತಾ ಕ್ರಮಗಳ ಕೊರತೆಯನ್ನು ಎತ್ತಿ ಹೇಳಿ ತನಿಖೆಯನ್ನು ಸಿಐಡಿಗೆ ವಹಿಸಿದರು. ಕೆಲವೇ ದಿನಗಳಲ್ಲಿ ರಾಜಕೀಯ ಸಮಾರಂಭ, ಮದುವೆ, ಗಣೇಶೋತ್ಸವಗಳಲ್ಲಿ ಪಟಾಕಿ ಬೇಡವೆಂದೂ ಹಸಿರು ಪಟಾಕಿ ಮಾತ್ರ ಮಾರಬೇಕೆಂದೂ ಸರ್ಕಾರ ಪ್ರಕಟಿಸಿತು. ಅದೇ ವರ್ಷ ಜುಲೈ 29ರಂದು ನಮ್ಮ ಜಿಲ್ಲಾ ಕೇಂದ್ರ ಕೃಷ್ಣಗಿರಿಯಲ್ಲಿಯೂ ಜನವಸತಿಯ ನಡುವಿನ ಪಟಾಕಿ ಗೋದಾಮು ಸ್ಫೋಟಿಸಿ ಹಲವರು ಸತ್ತಿದ್ದರು. ಎರಡು ತಿಂಗಳಲ್ಲಿ ಆ ಪಾಠವನ್ನು ಹೆದ್ದಾರಿ ಮರೆಯಿತು.

ದೇವಸ್ಥಾನಗಳ ಆವರಣವೂ ಇದಕ್ಕೆ ಹೊರತಲ್ಲ. ಕೇರಳದ ಕೊಲ್ಲಂ ಜಿಲ್ಲೆಯ ಪರವೂರಿನ ಪುಟ್ಟಿಂಗಲ್ ದೇವಾಲಯದಲ್ಲಿ 2016ರ ಏಪ್ರಿಲ್ 10ರ ನಸುಕಿನಲ್ಲಿ, ಜಿಲ್ಲಾಡಳಿತ ಅನುಮತಿ ನಿರಾಕರಿಸಿದ್ದರೂ ನಡೆದ ಪೈಪೋಟಿಯ ಸಿಡಿಮದ್ದಿನ ಕಿಡಿ ದಾಸ್ತಾನಿನ ಕಟ್ಟಡಕ್ಕೆ ಬಿದ್ದು ನೂರಕ್ಕೂ ಹೆಚ್ಚು ಭಕ್ತರು ಸತ್ತರು. ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ತೆಯ್ಯಂ ಉತ್ಸವದಲ್ಲಿ ಪಟಾಕಿ ಕೂಡಿಟ್ಟ ಜಾಗದ ಹತ್ತಿರವೇ ಪಟಾಕಿ ಹಚ್ಚಿದ್ದರಿಂದ ನೂರೈವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಬದುಕುಳಿಯಲಿಲ್ಲ. ಮಾಲು ಒಂದು ಕಡೆ, ಬೆಂಕಿ ದೂರದಲ್ಲಿ ಎಂಬುದು ನಿಯಮಾವಳಿಯ ಅತಿ ಸರಳವಾದ ತತ್ತ್ವ. ಎರಡು ಕಡೆಯೂ ಮೀರಿದ್ದು ಅದನ್ನೇ.

6. ಕಾನೂನು ಏಕೆ ಸೋಲುತ್ತದೆ?

ಮೊದಲನೆಯ ಕಾರಣ ದಂಡದ ಅಲ್ಪತೆ. ಪರವಾನಗಿಯಿಲ್ಲದೆ ಸ್ಫೋಟಕ ಇಟ್ಟುಕೊಂಡರೆ ಅಥವಾ ಮಾರಿದರೆ 1884ರ ಅಧಿನಿಯಮಕ್ಕೆ 1978ರಲ್ಲಿ ಆದ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ ಅಥವಾ 3,000 ರೂಪಾಯಿಯವರೆಗೆ ದಂಡ ಅಥವಾ ಎರಡೂ. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ ಇದ್ದೀತು. ಲಕ್ಷಗಟ್ಟಲೆ ರೂಪಾಯಿಯ ಮಾಲು ಕೂಡಿಡುವವನಿಗೆ ಅದು ಒಂದು ಗಳಿಗೆಯ ಲಾಭ. ಈ ಮೊತ್ತ ಸಾಲದೆಂಬುದನ್ನು ಕಂಡುಕೊಂಡೇ ಕೇಂದ್ರ ಸರ್ಕಾರ 2024ರಲ್ಲಿ ಹೆಚ್ಚಿನ ದಂಡವಿರುವ ಹೊಸ ವಿಧೇಯಕದ ಕರಡನ್ನು ಮುಂದಿಟ್ಟಿತು.

ಎರಡನೆಯ ಕಾರಣ ಹೊಟ್ಟೆಪಾಡು. ದೇಶದ ಪಟಾಕಿಯ ಬಹುಪಾಲು ಸಿದ್ಧವಾಗುವುದು ತಮಿಳುನಾಡಿನ ವಿರುದುನಗರ ಜಿಲ್ಲೆಯ ಶಿವಕಾಶಿಯ ಸುತ್ತಮುತ್ತ. ಮಳೆ ಕಡಿಮೆಯ ಆ ನಾಡಿಗೆ ಬೆಂಕಿಕಡ್ಡಿ, ಮುದ್ರಣ, ಪಟಾಕಿ ಈ ಮೂರೇ ಅನ್ನ. ಲಕ್ಷಾಂತರ ಕುಟುಂಬಗಳು ಇದನ್ನು ನೆಚ್ಚಿವೆ. ಆದುದರಿಂದಲೇ 2021ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಅವರು ಪಟಾಕಿ ನಿಷೇಧಿಸಿದ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ನಿಷೇಧವನ್ನು ಪುನರ್ವಿಮರ್ಶಿಸಲು ಕೋರಿದರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಆ ಕುಟುಂಬಗಳೇ ಈ ಉದ್ಯಮದ ಮೊದಲ ಬಲಿಗಳೂ ಹೌದು. 2012ರ ಸೆಪ್ಟೆಂಬರ್ 5ರಂದು ಶಿವಕಾಶಿಯ ಬಳಿಯ ಮುದಲಿಪಟ್ಟಿಯ ಕಾರ್ಖಾನೆಯ ಸ್ಫೋಟದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಾರ್ಮಿಕನ ಅನ್ನದ ಹೆಸರಿನಲ್ಲಿ ಕಾರ್ಮಿಕನ ಸುರಕ್ಷತೆಯನ್ನೇ ಬಿಟ್ಟುಕೊಡುವುದಾದರೆ ಆ ವಾದದಲ್ಲಿ ಕರುಣೆ ಎಲ್ಲಿ ಉಳಿಯಿತು?

ಮೂರನೆಯ ಕಾರಣ ಕೊಳ್ಳುವವರಾದ ನಾವು. ಅಧಿಕಾರಿಗಳು ಸಾವಿರ ಮಳಿಗೆಗಳನ್ನು ನೋಡಬೇಕು. ಕೋಟಿ ಮನೆಗಳ ಅಂಗಳವನ್ನು ಅವರು ನೋಡಲಾರರು. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿದೆಯೇ, ಹಸಿರು ಪಟಾಕಿಯ ಗುರುತಿದೆಯೇ, ಮಳಿಗೆಯಲ್ಲಿ ಪರವಾನಗಿ ತೂಗುಹಾಕಿದ್ದಾರೆಯೇ ಎಂದು ನೋಡದೆ ದರ ಒಂದನ್ನೇ ಕೇಳುವ ಗಿರಾಕಿ ಇರುವವರೆಗೆ ಗಡಿಯ ಕಳ್ಳ ದಾಸ್ತಾನು ಇದ್ದೇ ಇರುತ್ತದೆ.

7. ಶ್ರಾವಕನ ವ್ರತ ಮತ್ತು ರಾಜ್ಯದ ನಿಯಮ

ರಾಜ್ಯದ ಕಾನೂನನ್ನು ಮೀರುವುದು ಲೌಕಿಕ ತಪ್ಪು, ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಕೆಲವರು ಭಾವಿಸುತ್ತಾರೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಾಗೆ ಹೇಳುವುದಿಲ್ಲ. ಅದರ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ‘ವಿರುದ್ಧರಾಜ್ಯಾತಿಕ್ರಮ’ ಎಂಬುದನ್ನು ಸೇರಿಸಿದ್ದಾರೆ. ರಾಜ್ಯವ್ಯವಸ್ಥೆಯನ್ನು ಮೀರಿ, ಬೆಲೆಬಾಳುವ ವಸ್ತುವನ್ನು ಅಗ್ಗದಲ್ಲಿ ಪಡೆಯಲೆಳಸುವುದು ಅದರ ತಾತ್ಪರ್ಯವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿಯಿಂದ ತಿಳಿಯುತ್ತದೆ. ಅದರ ಪಕ್ಕದಲ್ಲಿಯೇ ‘ಹೀನಾಧಿಕಮಾನೋನ್ಮಾನ’, ಅಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಎಂಬ ಇನ್ನೊಂದು ಅತಿಚಾರವಿದೆ. ಆ ಸೂತ್ರಕಾರರ ಕಾಲದಲ್ಲಿ ಪಟಾಕಿ ಇರಲಿಲ್ಲ. ಆದರೆ ಗಡಿ ಇತ್ತು, ವರ್ತಕನಿದ್ದ, ಗಡಿಯಾಚೆಯ ಅಗ್ಗದ ಮಾಲಿನ ಆಸೆಯೂ ಇತ್ತು. ಒಂದು ರಾಜ್ಯದಲ್ಲಿ ನಿಷಿದ್ಧವಾದುದನ್ನು ಇನ್ನೊಂದರಿಂದ ತಂದು ಹಚ್ಚುವವನೂ, ಪುಸ್ತಕದಲ್ಲಿ ನೂರು ಬರೆದು ಗೋದಾಮಿನಲ್ಲಿ ಸಾವಿರ ಇಡುವವನೂ ಈ ಎರಡು ಮಾತುಗಳಲ್ಲಿ ತಮ್ಮನ್ನು ಗುರುತಿಸಿಕೊಳ್ಳಬಹುದು.

ಇನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಐದು ಅನರ್ಥದಂಡಗಳಲ್ಲಿ ಒಂದು ಹಿಂಸಾದಾನ. ಹಿಂಸೆಗೆ ಸಾಧನವಾಗುವ ಆಯುಧ, ಬೆಂಕಿ ಮುಂತಾದುವನ್ನು ಇನ್ನೊಬ್ಬರ ಕೈಗೆ ಕೊಡುವುದು ಅದರ ಅರ್ಥ. ಮಳಿಗೆಯನ್ನು ಬಾಡಿಗೆಗೆ ಕೊಟ್ಟವನು ‘ಒಳಗೆ ಏನಿಟ್ಟರೋ ನನಗೆ ತಿಳಿಯದು’ ಎಂದರೆ ನ್ಯಾಯಾಲಯದಲ್ಲಿ ಅದು ಒಂದು ಉತ್ತರವಾದೀತು. ಸಾಮಾಯಿಕಕ್ಕೆ ಕುಳಿತಾಗ ಅದು ಉತ್ತರವಾಗದು.

8. ಕಾನೂನಿಗಿಂತ ಮುಂದೆ ಹೋದ ಹಳ್ಳಿ

ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ವೇಟ್ಟಂಗುಡಿ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ಅಲ್ಲಿಗೆ ವಲಸೆ ಹಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಪಕ್ಕದ ಕೊಳ್ಳುಕುಡಿಪಟ್ಟಿಯ ಜನರು ಆ ಹಕ್ಕಿಗಳು ಬೆದರಬಾರದೆಂದು ದಶಕಗಳಿಂದ ದೀಪಾವಳಿಯಲ್ಲಿ ಪಟಾಕಿ ಹಚ್ಚುವುದಿಲ್ಲ. ಯಾವ ಅಧಿಕಾರಿಯೂ ಅವರನ್ನು ತಡೆದಿಲ್ಲ. ಊರು ತಾನಾಗಿಯೇ ಕೂಡಿ ಮಾಡಿಕೊಂಡ ನಿಯಮ. ಅವರು ಜೈನರಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ದಿನವೂ ಉಚ್ಚರಿಸುವವರು ನಾವು. ಆ ಹಳ್ಳಿಗರ ಮುಂದೆ ನಮ್ಮ ಉಚ್ಚಾರಣೆಗೆ ಎಷ್ಟು ತೂಕ ಬಂದೀತೆಂದು ಯೋಚಿಸಬೇಕು.

ಕಾನೂನು ಹೇಳುವುದು ಕನಿಷ್ಠವನ್ನು: ಇಷ್ಟು ದೂರ, ಇಷ್ಟು ತೂಕ, ಇಷ್ಟು ಹೊತ್ತು. ಅದಕ್ಕಿಂತ ಕಡಿಮೆ ಮಾಡಿದರೆ ಅಪರಾಧಿ. ಹೆಚ್ಚು ಮಾಡಲು ಯಾರ ಅನುಮತಿಯೂ ಬೇಡ. ಈ ದೃಷ್ಟಿಯಿಂದ ಸಮಾಜ ಬಾಂಧವರ ವಿಚಾರಕ್ಕಾಗಿ ಕೆಲವು ನಿಯಮಗಳನ್ನು ವಿನಯಪೂರ್ವಕ ಮುಂದಿಡುತ್ತೇನೆ.

ಒಂದು, ಮಂದಿರದ ರಥೋತ್ಸವ, ಜಯಂತಿ, ಮೆರವಣಿಗೆಗಳಲ್ಲಿ ಪಟಾಕಿ ಬೇಡ. ವಾದ್ಯ ಮತ್ತು ಜಯಘೋಷ ಸಾಕು. ಎರಡು, ನಮ್ಮ ಮಳಿಗೆ, ಗೋದಾಮುಗಳನ್ನು ಪಟಾಕಿ ದಾಸ್ತಾನಿಗೆ ಬಾಡಿಗೆ ಕೊಡದಿರುವುದು ಉತ್ತಮ. ಈಗಾಗಲೇ ಕೊಟ್ಟಿದ್ದರೆ ಪರವಾನಗಿಯ ಪ್ರತಿಯನ್ನು ಪಡೆದು, ಅದರಲ್ಲಿರುವ ತೂಕಕ್ಕೂ ಒಳಗಿರುವ ಮಾಲಿಗೂ ತಾಳೆ ನೋಡುವುದು. ಮೂರು, ಮಕ್ಕಳು ಹಟ ಮಾಡುವ ಮನೆಗಳಲ್ಲಿ, ಯಾವ ರಾಜ್ಯದಲ್ಲಿ ಹಚ್ಚುತ್ತೇವೆಯೋ ಆ ರಾಜ್ಯದ ಸಮಯವನ್ನೇ ಪಾಲಿಸಿ, ಹಿರಿಯರು ಪಕ್ಕದಲ್ಲಿ ನಿಂತು, ನೀರಿನ ಬಕೆಟ್ ಇಟ್ಟುಕೊಂಡು, ಶಬ್ದವಿಲ್ಲದವುಗಳಿಗೆ ಸೀಮಿತಗೊಳಿಸುವುದು. ವರ್ಷದಿಂದ ವರ್ಷಕ್ಕೆ ಕಡಿಮೆ ಮಾಡುತ್ತ ಬರುವುದು. ಪ್ರತಿ ದೀಪಾವಳಿಯಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬರುವ ಗಾಯಾಳುಗಳಲ್ಲಿ ತಾವು ಪಟಾಕಿ ಹಚ್ಚದೆ ಸುಮ್ಮನೆ ನೋಡುತ್ತ ನಿಂತವರೂ ಇರುತ್ತಾರೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ನಾಲ್ಕು, ಪಟಾಕಿಗೆಂದು ತೆಗೆದಿಟ್ಟ ಹಣದ ಒಂದಂಶವನ್ನು ಸುಟ್ಟಗಾಯದ ಬಡ ರೋಗಿಗಳ ಔಷಧಕ್ಕೆ ಕೊಡುವುದು.

9. ಮನೆಮಂದಿ ಕೂಡಿ ಚರ್ಚಿಸಲು

ಸ್ವಾಧ್ಯಾಯ ಓದಿನಿಂದ ಮುಗಿಯುವುದಿಲ್ಲ. ಪೃಚ್ಛನೆ, ಅಂದರೆ ಪ್ರಶ್ನಿಸುವುದೂ ಅದರ ಅಂಗ. ಆದುದರಿಂದ ಕೆಲವು ಪ್ರಶ್ನೆಗಳು:

(1) ಸ್ಫೋಟಕಗಳ ಕಾನೂನು ಕೇಂದ್ರದ್ದಾದರೂ ಅದರ ಹೊಣೆ ರಾಜ್ಯದ ಮೇಲೆ ಹೇಗೆ ಬರುತ್ತದೆ?

(2) ತಾತ್ಕಾಲಿಕ ಮಳಿಗೆಗಳು ಎದುರುಬದುರಾಗಿ ಏಕೆ ಇರಬಾರದು? ಪರವಾನಗಿಯ ತೂಕಕ್ಕೂ ಮಳಿಗೆಯ ಅಂತರಕ್ಕೂ ಏನು ಸಂಬಂಧ?

(3) ಹೊಸೂರಿನ ಮನೆಯವರು ಅತ್ತಿಬೆಲೆಯ ಬಂಧುಗಳ ಮನೆಗೆ ಹಬ್ಬಕ್ಕೆ ಹೋದರೆ ಯಾವ ರಾಜ್ಯದ ಸಮಯ ಅನ್ವಯಿಸುತ್ತದೆ?

(4) ಶಿವಕಾಶಿಯ ಕಾರ್ಮಿಕನ ಹೊಟ್ಟೆಗೂ ಅವನ ಪ್ರಾಣಕ್ಕೂ ಏಕಕಾಲದಲ್ಲಿ ನ್ಯಾಯ ದೊರಕಿಸುವುದು ಹೇಗೆ?

(5) ವಿರುದ್ಧರಾಜ್ಯಾತಿಕ್ರಮ ನಮ್ಮ ನಮ್ಮ ವ್ಯಾಪಾರದಲ್ಲಿ ಯಾವ ರೂಪದಲ್ಲಿ ನುಸುಳಬಹುದು?

ಕೊನೆಯ ಪ್ರಶ್ನೆಗೆ ಉತ್ತರವನ್ನು ಯಾರೂ ಇನ್ನೊಬ್ಬರಿಗೆ ಹೇಳಬೇಕಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಲೆಕ್ಕದ ಪುಸ್ತಕವನ್ನು ತೆರೆದು ತಾವೇ ಓದಿಕೊಂಡರೆ ಸಾಕು.

ಎರಡು ರಾಜ್ಯಗಳ ಸರ್ಕಾರಗಳು ಕೂಡಿ ಕುಳಿತು ಗಡಿಯ ಹೆದ್ದಾರಿಗೆ ಒಂದೇ ಸಮಯ, ಒಂದೇ ತಪಾಸಣೆ ಗೊತ್ತುಪಡಿಸಲೆಂದು ಹಾರೈಸೋಣ. ಆ ದಿನ ಬರುವವರೆಗೆ ಗಡಿಯ ಈಚೆ ಆಚೆ ಇರುವ ಶ್ರಾವಕ ಕುಟುಂಬಗಳು ತಮ್ಮ ಮನೆ ಮಳಿಗೆಗಳಲ್ಲಿ ಒಂದೇ ನಿಯಮವನ್ನು ಪಾಲಿಸಲು ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.

ಸರ್ವೇ ಜೀವಿಗಳಿಗೂ ಶಾಂತಿಯಾಗಲಿ. ಜೈ ಜಿನೇಂದ್ರ.